ನುಡಿ ಫೈಲುಗಳಿರುವ ಅಂಗಡಿಗೆ ಲಿಬ್ರೆಆಫೀಸ್ ಆಗಿಬರುತ್ತದಾ?

ಪ್ರಶ್ನೆ: ಸರ್, ತಾಲ್ಲೂಕು ಕಚೇರಿ ಎದುರು ನಮ್ಮದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಹನ್ನೆರಡು ವರ್ಷ ಆಯ್ತು. ಮೂರು ಕಂಪ್ಯೂಟರ್ ಇವೆ. ಅರ್ಜಿ, ಬಾಡಿಗೆ ಕರಾರು, ಕ್ರಯಪತ್ರದ ಕರಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್, ಲಗ್ನಪತ್ರಿಕೆಯ ಮ್ಯಾಟರ್ ಎಲ್ಲ ಟೈಪ್ ಮಾಡುತ್ತೇವೆ. ನಮ್ಮೂರ ಹಾಲಿನ ಡೇರಿಯ ಬಟವಾಡೆ ಲೆಕ್ಕವನ್ನು ಯಜಮಾನರು ಎಕ್ಸೆಲ್‌ನಲ್ಲಿ ಮಾಡುತ್ತಾರೆ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗನೇ ಆಫೀಸ್ 2016 ಹಾಕಿಕೊಟ್ಟಿದ್ದ. ಈಗ ಮೇಲೆ ಒಂದು ಪಟ್ಟಿ ಬರುತ್ತಿದೆ, ‘ಗೆಟ್ ಜೆನ್ಯೂನ್ ಆಫೀಸ್’ ಅಂತ. ಮೂರಕ್ಕೂ ದುಡ್ಡು ಕೊಟ್ಟು ಕೊಳ್ಳುವಷ್ಟು ವ್ಯಾಪಾರ ಇಲ್ಲ. ಲಿಬ್ರೆಆಫೀಸ್ ಪುಕ್ಕಟೆ, ಅದನ್ನೇ ಹಾಕಿಕೊಳ್ಳಿ ಅಂತ ಕಾಲೇಜಿನ ಹುಡುಗನೊಬ್ಬ ಹೇಳಿದ. ಆದರೆ ನನ್ನ ತಮ್ಮ ಹಿಂದೆ ಓಪನ್ ಆಫೀಸ್ ಹಾಕಿ ನೋಡಿದ್ದನಂತೆ, ಕನ್ನಡ ಎಲ್ಲ ಚೆಲ್ಲಾಪಿಲ್ಲಿ ಆಯ್ತಂತೆ. ನಮ್ಮ ಹತ್ತಿರ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಸಾವಿರಾರು ಫೈಲುಗಳಿವೆ. ಅವು ಕೆಟ್ಟುಹೋದರೆ? ಗಿರಾಕಿ ಪೆನ್‌ಡ್ರೈವ್‌ನಲ್ಲಿ ತಂದ ವರ್ಡ್ ಫೈಲು ಅಲೈನ್‌ಮೆಂಟ್ ತಪ್ಪಿದರೆ ನಮ್ಮನ್ನೇ ಬೈಯುತ್ತಾರೆ. ಈಗ ಫ್ರೀ ಅಂದು ಆಮೇಲೆ ದುಡ್ಡು ಕೇಳಿದರೆ? ಅಂಗಡಿ ಬೋರ್ಡ್ ಮೇಲೆ ‘ಎಂಎಸ್ ವರ್ಡ್, ಎಕ್ಸೆಲ್’ ಅಂತ ಬೇರೆ ಬರೆಸಿದ್ದೇವೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇದ್ದರೂ ಒಳಗಿನ ಭಯ ಒಂದೇ. ಹನ್ನೆರಡು ವರ್ಷದ ಕೆಲಸ ಒಂದು ದಿನ ತೆರೆದಾಗ ಓದಲು ಬಾರದ ಹಾಗೆ ಆಗಿಬಿಟ್ಟರೆ ಏನು ಗತಿ ಅನ್ನುವುದು. ಅದು ಸುಳ್ಳು ಭಯ ಅಲ್ಲ. ಕಚೇರಿ, ಶಾಲೆ, ಸಹಕಾರ ಸಂಘ ಅಂತ ಸುಮಾರು ಕಡೆ ನಾನು ಈ ಬದಲಾವಣೆ ಮಾಡಿಕೊಟ್ಟಿದ್ದೇನೆ. ಕನ್ನಡ ಚೆಲ್ಲಾಪಿಲ್ಲಿ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಒಂದು ಸಲ ನನ್ನ ಕೈಯಿಂದಲೇ ಆಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ತಮ್ಮನ ಮಾತು. ಅವರು ಹಾಕಿದ್ದು ಓಪನ್ ಆಫೀಸ್, ನೀವು ಕೇಳುತ್ತಿರುವುದು ಲಿಬ್ರೆಆಫೀಸ್. ಎರಡೂ ಒಂದೇ ಬೇರಿನವು, ಆದರೆ ಈಗ ಬೇರೆ ಬೇರೆ. ಜರ್ಮನಿಯ ಸ್ಟಾರ್‌ಆಫೀಸ್ ಅನ್ನುವ ಸಾಫ್ಟ್‌ವೇರನ್ನು 1999ರಲ್ಲಿ ಸನ್ ಕಂಪನಿ ಕೊಂಡಿತು. ಮರುವರ್ಷ ಅದರ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮಿನ ಮೂಲ ಬರಹವನ್ನು, ಎಲ್ಲರಿಗೂ ಬಿಟ್ಟುಕೊಟ್ಟಿತು, ಅದೇ ಓಪನ್ ಆಫೀಸ್. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಾಗ, ಇದರ ಮುಂದಿನ ಗತಿ ಏನೋ ಅಂತ ಅನುಮಾನ ಬಂದು ಕೆಲಸ ಮಾಡುತ್ತಿದ್ದವರಲ್ಲಿ ಬಹಳ ಜನ ಹೊರಬಂದರು. ಅದೇ ಕೋಡು ಇಟ್ಟುಕೊಂಡು ಆ ಸೆಪ್ಟೆಂಬರ್‌ನಲ್ಲಿ ಲಿಬ್ರೆಆಫೀಸ್ ಶುರು ಮಾಡಿದರು. ಹಳೆಯ ಓಪನ್ ಆಫೀಸ್ ಆಮೇಲೆ ಅಪಾಚೆ ಸಂಸ್ಥೆಯ ಪಾಲಾಯಿತು. ಅದರ 4.1 ಆವೃತ್ತಿ ಬಂದದ್ದು 2014ರಲ್ಲಿ, ಅಲ್ಲಿಂದ ಈಚೆಗೆ ಸಣ್ಣಪುಟ್ಟ ರಿಪೇರಿ ಅಷ್ಟೇ. ಡಾಕ್ಸ್ ಫೈಲನ್ನು, ಅಂದರೆ ಈಗಿನ ವರ್ಡ್ ಫೈಲನ್ನು, ಅದು ತೆರೆಯುತ್ತದೆ, ಡಾಕ್ಸ್ ಆಗಿ ಸೇವ್ ಮಾಡಲು ಬರುವುದಿಲ್ಲ. ನಿಮ್ಮಂಥ ಅಂಗಡಿಗೆ ಅಲ್ಲಿಗೇ ಮುಗಿಯಿತು.

ಕನ್ನಡದ ವಿಷಯಕ್ಕೆ ಬಂದರೆ, 2017ರಲ್ಲಿ ಬಂದ ಲಿಬ್ರೆಆಫೀಸ್ 5.3ರಿಂದ ಎಲ್ಲ ಕಂಪ್ಯೂಟರ್‌ಗಳಲ್ಲೂ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಅನ್ನುವ ಒಂದೇ ಎಂಜಿನ್ ಮಾಡುತ್ತದೆ. ಒತ್ತಕ್ಷರ, ಅರ್ಕಾವತ್ತು, ದೀರ್ಘ ಎಲ್ಲವನ್ನೂ ಅದು ಸರಿಯಾಗಿ ಕೂರಿಸುತ್ತದೆ. ತಮ್ಮ ಅದಕ್ಕೂ ಮುಂಚೆ ನೋಡಿದ್ದರೆ ಅವರು ಹೇಳಿದ್ದು ನಿಜವೇ. ಇವತ್ತಿಗೆ ಅದನ್ನು ಹಿಡಿದುಕೊಂಡು ಕೂರಬೇಕಿಲ್ಲ.

ದುಡ್ಡಿನ ಅನುಮಾನ. ಲಿಬ್ರೆಆಫೀಸನ್ನು ನೋಡಿಕೊಳ್ಳುವುದು ಬರ್ಲಿನ್‌ನಲ್ಲಿರುವ ಡಾಕ್ಯುಮೆಂಟ್ ಫೌಂಡೇಶನ್ ಅನ್ನುವ ಪ್ರತಿಷ್ಠಾನ. ಅಂಗಡಿ ವ್ಯಾಪಾರಕ್ಕೆ ಬಳಸಿದರೂ ಫೀಸು ಇಲ್ಲ, ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಿಕೊಳ್ಳಬಹುದು, ಲೈಸೆನ್ಸಿನಲ್ಲೇ ಹಾಗೆ ಬರೆದಿದೆ. ನಾಳೆ ಅವರು ಮನಸ್ಸು ಬದಲಿಸಿದರೂ ಇವತ್ತು ನಿಮ್ಮ ಕೈಗೆ ಬಂದ ಆವೃತ್ತಿಯನ್ನು ವಾಪಸ್ ಕೇಳಲು ಬರುವುದಿಲ್ಲ. ಆಗೀಗ ದೇಣಿಗೆ ಕೊಡಿ ಅಂತ ಒಂದು ಸಾಲು ಕಾಣುತ್ತದೆ. ದೇವಸ್ಥಾನದ ಹುಂಡಿ ಇದ್ದ ಹಾಗೆ. ಕೊಟ್ಟರೂ ದರ್ಶನ, ಕೊಡದಿದ್ದರೂ ದರ್ಶನ. ಇದಕ್ಕೆ ಸಂಬಳ ಕೊಡುವವರು ಯಾರು ಅಂತ ಕೇಳಬಹುದು. ಕೊಲಾಬೊರಾ ಥರದ ಕಂಪನಿಗಳು ದೊಡ್ಡ ಸಂಸ್ಥೆಗಳಿಗೆ ಸಪೋರ್ಟ್ ಮಾರಿ ಸಂಪಾದಿಸುತ್ತವೆ, ಅವರ ಎಂಜಿನಿಯರ್‌ಗಳೇ ಕೋಡಿನ ದೊಡ್ಡ ಪಾಲು ಬರೆಯುವುದು.

ಸುಮ್ನೆ ಹೊಗಳಲು ನನಗೆ ಇಷ್ಟವಿಲ್ಲ, ಅದಕ್ಕೇ ಎರಡು ಊರಿನ ಕತೆ ಹೇಳಿಬಿಡುತ್ತೇನೆ. ಜರ್ಮನಿಯ ಮ್ಯೂನಿಕ್ ನಗರಪಾಲಿಕೆ ಇಪ್ಪತ್ತು ವರ್ಷದ ಹಿಂದೆ ತನ್ನ ಕಚೇರಿಗಳನ್ನೆಲ್ಲ ವಿಂಡೋಸ್ ಬಿಟ್ಟು ಲಿನಕ್ಸಿಗೂ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಆಫೀಸಿಗೂ ಬದಲಿಸಲು ಹೊರಟು, ಬಹುಪಾಲು ಬದಲಿಸಿಯೂ ಮುಗಿಸಿ, 2017ರಲ್ಲಿ ಮತ್ತೆ ವಿಂಡೋಸಿಗೇ ಮರಳುವ ತೀರ್ಮಾನ ಮಾಡಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ತನ್ನ ಸುಮಾರು 30,000 ಕಂಪ್ಯೂಟರ್‌ಗಳಿಗೆ ಲಿಬ್ರೆಆಫೀಸ್ ಹಾಕುವುದಾಗಿ ಹೇಳಿತು. ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಮುಕ್ತ ಸಾಫ್ಟ್‌ವೇರಿನಲ್ಲೇ ಕಲಿಯುತ್ತಿದ್ದಾರೆ. ಅಂದರೆ ಆಗುವುದೂ ಉಂಟು, ಆಗದೇ ಇರುವುದೂ ಉಂಟು. ನಾನು ನೋಡಿದ ಕಡೆ ಆಗದೇ ಹೋದದ್ದಕ್ಕೆ ಕಾರಣ ಹೆಚ್ಚಾಗಿ ಆತುರ. ಒಂದು ಸಹಕಾರ ಸಂಘದಲ್ಲಿ ಭಾನುವಾರ ಎಲ್ಲ ಕಂಪ್ಯೂಟರ್‌ನಿಂದಲೂ ಹಳೆಯದನ್ನು ತೆಗೆಸಿದರು. ಸೋಮವಾರ ಬಡ್ಡಿ ಲೆಕ್ಕದ ಮ್ಯಾಕ್ರೋ, ಅಂದರೆ ಎಕ್ಸೆಲ್ ಫೈಲಿನೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಂ, ಓಡಲಿಲ್ಲ. ಶನಿವಾರದ ಹೊತ್ತಿಗೆ ಮತ್ತೆ ಹಳೆಯದೇ ಬಂತು.

ಈಗ ನಿಮ್ಮ ನುಡಿ ಫೈಲುಗಳು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲ ಗೊಂದಲದ ಮೂಲ ಇಲ್ಲೇ ಇದೆ. ನಿಮ್ಮ ಹಳೆಯ ಫೈಲುಗಳಲ್ಲಿ ಕಂಪ್ಯೂಟರ್ ದೃಷ್ಟಿಯಲ್ಲಿ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರ ಮತ್ತು ಒಂದಷ್ಟು ಯೂರೋಪಿನ ಚಿಹ್ನೆಗಳು. ನುಡಿ ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತದೆ. ‘ಕ’ ಅಂತ ನೀವು ನೋಡುವುದು ಅಲ್ಲಿ ಎರಡು ತುಂಡು: ಇಂಗ್ಲಿಷಿನ ದೊಡ್ಡ ‘ಪಿ’ ಇರುವ ಜಾಗದಲ್ಲಿ ಅಕ್ಷರದ ಒಡಲು, ಇನ್ನೊಂದು ಚಿಹ್ನೆಯ ಜಾಗದಲ್ಲಿ ತಲೆಕಟ್ಟು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಮಾಟದ ಚೀಟಿ. ಬರಹ, ಶ್ರೀಲಿಪಿ ಅನ್ನುವ ಬೇರೆ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫೈಲುಗಳದ್ದೂ ಇದೇ ಕತೆ. ಯೂನಿಕೋಡ್ ಅನ್ನುವ ಈಗಿನ ಪದ್ಧತಿ ಹಾಗಲ್ಲ. ಅಲ್ಲಿ ‘ಕ’ ಅಂದರೆ ‘ಕ’ವೇ, ಯಾವ ಫಾಂಟ್ ಹಾಕಿದರೂ, ಮೊಬೈಲಿಗೆ ಕಳಿಸಿದರೂ.

ಹಾಗಾದರೆ ನುಡಿ ಫೈಲು ಲಿಬ್ರೆಆಫೀಸಿನಲ್ಲಿ ತೆರೆಯುತ್ತದಾ? ತೆರೆಯುತ್ತದೆ. ನುಡಿ ಫಾಂಟುಗಳು ವಿಂಡೋಸಿನಲ್ಲಿ ಇನ್‌ಸ್ಟಾಲ್ ಆಗಿರುವವರೆಗೆ ವರ್ಡಿನಲ್ಲಿ ಕಂಡ ಹಾಗೆಯೇ ಇಲ್ಲೂ ಕಾಣುತ್ತದೆ. ಆಫೀಸ್ ತೆಗೆದರೆ ನುಡಿ ಫಾಂಟು ಹೋಗುವುದಿಲ್ಲ, ಎರಡಕ್ಕೂ ಸಂಬಂಧವಿಲ್ಲ. ಫಾಂಟ್ ಇಲ್ಲದಿದ್ದರೆ ಮೇಲಿನ ಫಾಂಟ್ ಹೆಸರಿನ ಪೆಟ್ಟಿಗೆಯಲ್ಲಿ ಅದರ ಹೆಸರು ಓರೆ ಅಕ್ಷರದಲ್ಲಿ ಕಾಣುತ್ತದೆ. ಓರೆ ಕಂಡರೆ ‘ಈ ಫಾಂಟ್ ನನ್ನ ಹತ್ತಿರ ಇಲ್ಲ, ಬೇರೆಯದು ಹಾಕಿ ತೋರಿಸುತ್ತಿದ್ದೇನೆ’ ಅಂತ ಅರ್ಥ. ಗಾಬರಿ ಬೇಡ, ಫೈಲು ಕೆಟ್ಟಿಲ್ಲ. ಫಾಂಟ್ ಹಾಕಿ, ಮುಚ್ಚಿ ತೆರೆದರೆ ಸರಿಹೋಗುತ್ತದೆ.

ನಿಜವಾದ ಅಪಾಯ ಇರುವುದು ಆಟೋಕರೆಕ್ಟ್‌ನಲ್ಲಿ. ನಾನು ಒಂದು ಶಾಲೆಗೆ ಲಿಬ್ರೆಆಫೀಸ್ ಹಾಕಿಕೊಟ್ಟಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತು. ಮೇಷ್ಟರು ನುಡಿಯಲ್ಲಿ ಪ್ರಶ್ನೆಪತ್ರಿಕೆ ತಿದ್ದುತ್ತಾ ಕೂತರೆ, ಪ್ರತಿ ವಾಕ್ಯದ ಮೊದಲ ಅಕ್ಷರ ತಾನಾಗಿ ಇನ್ನೊಂದು ಅಕ್ಷರ ಆಗುತ್ತಿದೆ! ಅವರು ತಿದ್ದುವುದು, ಅದು ಮತ್ತೆ ಬದಲಾಗುವುದು. ಸಾಫ್ಟ್‌ವೇರಿಗೆ ಅದು ಇಂಗ್ಲಿಷ್. ವಾಕ್ಯದ ಮೊದಲ ಅಕ್ಷರ ಸಣ್ಣದಿದೆಯಲ್ಲ, ದೊಡ್ಡದು ಮಾಡೋಣ ಅಂತ ಅದು ಉಪಕಾರ ಮಾಡುತ್ತಿತ್ತು. ವರ್ಡಿನಲ್ಲೂ ಇದೇ ಉಪಕಾರ ಇದೆ. ನಿಮ್ಮ ಅಂಗಡಿಯಲ್ಲಿ ಯಾರೋ ಹನ್ನೆರಡು ವರ್ಷದ ಹಿಂದೆಯೇ ಅದನ್ನು ಆಫ್ ಮಾಡಿರುತ್ತಾರೆ, ನಿಮಗೆ ಮರೆತಿರುತ್ತದೆ. ಆ ದಿನ ನಾನು ಆಫ್ ಮಾಡಲು ಮರೆತಿದ್ದೆ. ತಪ್ಪು ನನ್ನದೇ.

ಆದ್ದರಿಂದ ಮೊದಲ ದಿನದ ಮೊದಲ ಕೆಲಸ: ಟೂಲ್ಸ್ ಮೆನುವಿನಲ್ಲಿ ಆಟೋಕರೆಕ್ಟ್ ಆಪ್ಶನ್ಸ್ ತೆರೆದು, ಮೊದಲ ಅಕ್ಷರ ದೊಡ್ಡದು ಮಾಡುವುದು, ಎರಡು ದೊಡ್ಡಕ್ಷರ ತಿದ್ದುವುದು, ಉದ್ಧರಣ ಚಿಹ್ನೆಯನ್ನು ಬಾಗಿಸುವುದು, ಪದ ತಾನಾಗಿ ಪೂರ್ಣ ಮಾಡುವುದು ಎಲ್ಲದರ ಟಿಕ್ ತೆಗೆಯಿರಿ. ಸ್ಪೆಲ್‌ಚೆಕ್ಕಿನ ಕೆಂಪು ಗೆರೆಯನ್ನೂ ಆಫ್ ಮಾಡಿ. ನುಡಿ ಪುಟವೆಲ್ಲ ಕೆಂಪಾದರೆ ಕಣ್ಣು ಹೋಗುತ್ತದೆ. ಇಷ್ಟು ಮಾಡಿ ನಿಮ್ಮ ಯಂತ್ರದಲ್ಲಿರುವ ನುಡಿ ಕೀಲಿಮಣೆಯಲ್ಲೇ ಒಂದು ಪುಟ ಟೈಪ್ ಮಾಡಿ ನೋಡಿ. ಒತ್ತಕ್ಷರ ಜಾಸ್ತಿ ಇರುವ ಪುಟ ಆರಿಸಿ, ಬಾಡಿಗೆ ಕರಾರಿನ ಷರತ್ತುಗಳು ಒಳ್ಳೆಯ ಪರೀಕ್ಷೆ.

ಎಲ್ಲ ಹಳೆಯ ಫೈಲನ್ನೂ ಯೂನಿಕೋಡಿಗೆ ಬದಲಿಸಿಬಿಡಲಾ ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. ಬೇಡ. ಪರಿವರ್ತಕಗಳು ಇವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೆ ಕನ್ನಡದ ಮಧ್ಯೆ ನೀವು ಇಂಗ್ಲಿಷಿನಲ್ಲಿ ಬರೆದ ಪಾನ್ ನಂಬರ್, ಕಂಪನಿ ಹೆಸರು, ಇಮೇಲ್ ಇವೆಲ್ಲವನ್ನೂ ಕನ್ನಡ ಅಂದುಕೊಂಡು ಕಲಸಿಹಾಕುವುದುಂಟು. ಕ್ರಯಪತ್ರದಲ್ಲಿ ಚಕ್ಕುಬಂದಿಯ ಒಂದು ಅಳತೆ ತಪ್ಪಿದರೆ ಯಾರು ಜವಾಬ್ದಾರಿ? ಹಳೆಯದು ಹಾಗೇ ಇರಲಿ. ಮತ್ತೆ ಮತ್ತೆ ಬಳಸುವ ಮಾದರಿಗಳು, ಅಂದರೆ ಬಾಡಿಗೆ ಕರಾರು, ಅಫಿಡವಿಟ್, ಪೌತಿ ಖಾತೆ ಅರ್ಜಿ, ಹೀಗೆ ಇಪ್ಪತ್ತು ಮೂವತ್ತು ಇರಬಹುದು. ಅವನ್ನು ಮಾತ್ರ ಒಂದೊಂದಾಗಿ ಬದಲಿಸಿ, ಸಾಲು ಸಾಲು ಓದಿ, ಹೊಸ ಫೋಲ್ಡರಿನಲ್ಲಿ ಇಡಿ. ಹೊಸದಾಗಿ ಟೈಪ್ ಮಾಡುವುದು ಯೂನಿಕೋಡಿನಲ್ಲಿ ಆಗಲಿ. ನುಡಿಯಲ್ಲೇ ಯೂನಿಕೋಡ್ ಇದೆ, ಕೀಲಿಗಳೂ ಅವೇ, ಬೆರಳು ಹೊಸದು ಕಲಿಯಬೇಕಿಲ್ಲ. ಗಿರಾಕಿ ‘ವಾಟ್ಸಾಪ್‌ಗೆ ಕಳಿಸಿ ಮೇಡಂ’ ಅಂದಾಗ ಅವರ ಮೊಬೈಲಿನಲ್ಲೂ ಓದಲು ಬರುತ್ತದೆ.

ಯೂನಿಕೋಡ್ ಕನ್ನಡಕ್ಕೆ ಲಿಬ್ರೆಆಫೀಸಿನಲ್ಲಿ ಒಂದು ವಿಚಿತ್ರ ಇದೆ. ಮೊದಲ ವಾರ ಎಲ್ಲರೂ ಇಲ್ಲಿ ಎಡವುತ್ತಾರೆ. ಅದು ಇಂಗ್ಲಿಷಿಗೆ ಒಂದು ಫಾಂಟು, ಕನ್ನಡಕ್ಕೆ ಇನ್ನೊಂದು ಫಾಂಟು ಅಂತ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ಕನ್ನಡ, ಹಿಂದಿ, ಅರಬ್ಬಿ ಥರದ ಲಿಪಿಗಳಿಗೆ ಅದರ ಹೆಸರು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’. ಸ್ಟೈಲಿನಲ್ಲಿ ಇಂಗ್ಲಿಷ್ ಫಾಂಟಿನ ಸೈಜು 14 ಮಾಡಿ ‘ಕನ್ನಡ ಮಾತ್ರ 12ರಲ್ಲೇ ಇದೆಯಲ್ಲ’ ಅಂತ ಒದ್ದಾಡುವವರನ್ನು ಬಹಳ ನೋಡಿದ್ದೇನೆ. ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜಸ್ ಅಂತ ಹೋಗಿ ಆ ಕಾಂಪ್ಲೆಕ್ಸ್ ಟೆಕ್ಸ್ಟಿಗೆ ಟಿಕ್ ಇದೆಯಾ ನೋಡಿ, ಭಾಷೆ ಕನ್ನಡ ಅಂತ ಆರಿಸಿ. ಆಮೇಲೆ ರೈಟರ್ (ಲಿಬ್ರೆಆಫೀಸಿನಲ್ಲಿ ವರ್ಡಿನ ಜಾಗದಲ್ಲಿರುವುದು) ತೆರೆದು ಎಫ್ 11 ಒತ್ತಿದರೆ ಸ್ಟೈಲುಗಳ ಪಟ್ಟಿ ಬರುತ್ತದೆ. ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲಿನ ಫಾಂಟ್ ಪುಟದಲ್ಲಿ ಕನ್ನಡದ ಜಾಗಕ್ಕೆ ನಿರ್ಮಲಾ ಅಥವಾ ನೋಟೊ ಸೆರಿಫ್ ಕನ್ನಡ ಹಾಕಿ, ಸೈಜು ಕೊಟ್ಟುಬಿಡಿ. ಅದನ್ನೇ ಟೆಂಪ್ಲೇಟ್ ಆಗಿ ಉಳಿಸಿಕೊಂಡರೆ ಪ್ರತಿ ಸಲ ಗೋಳಿಲ್ಲ. ನುಡಿಯ ಹಳೆಯ ಫಾಂಟು ಮಾತ್ರ ಇಂಗ್ಲಿಷಿನ ಜಾಗದಲ್ಲೇ ಇರುತ್ತದೆ. ಯಾಕೆ ಅಂತ ಈಗ ನಿಮಗೆ ಗೊತ್ತು.

ಗಿರಾಕಿ ತಂದ ವರ್ಡ್ ಫೈಲು

ಅಲೈನ್‌ಮೆಂಟ್ ತಪ್ಪುತ್ತದಾ? ಕೆಲವು ಸಲ ತಪ್ಪುತ್ತದೆ. ಆದರೆ ಬೈಗುಳ ಸಲ್ಲಬೇಕಾದ್ದು ಎಷ್ಟೋ ಸಲ ಸಾಫ್ಟ್‌ವೇರಿಗಲ್ಲ, ಫಾಂಟಿಗೆ ಮತ್ತು ಸ್ಪೇಸ್‌ಬಾರಿಗೆ.

ಫಾಂಟಿನ ಉದಾಹರಣೆ ಕೊಡುತ್ತೇನೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಅನ್ನುವ ಕನ್ನಡ ಫಾಂಟ್ ಇತ್ತು. ವಿಂಡೋಸ್ 8ರಿಂದ ನಿರ್ಮಲಾ ಬಂತು. ವಿಂಡೋಸ್ 10ರಲ್ಲಿ ತುಂಗಾ ತಾನಾಗಿ ಬರುವುದಿಲ್ಲ, ಬೇಕಾದವರು ಹೆಚ್ಚುವರಿಯಾಗಿ ಹಾಕಿಕೊಳ್ಳಬೇಕು. ತುಂಗಾದಲ್ಲಿ ಟೈಪ್ ಮಾಡಿದ ಎರಡು ಪುಟದ ಪತ್ರ ಅದು ಇಲ್ಲದ ಕಂಪ್ಯೂಟರಿನಲ್ಲಿ ಎರಡೂವರೆ ಪುಟ ಆಗಬಹುದು, ಅಸಲಿ ವರ್ಡಿನಲ್ಲೇ ತೆರೆದರೂ. ಹಾಗೆಯೇ ಹೊಸ ವರ್ಡಿನಲ್ಲಿ ಮೊದಲೇ ಬರುವ ಫಾಂಟ್ ಆಪ್ಟೋಸ್. ನಿಮ್ಮ 2016ರಲ್ಲಿ ಅದಿಲ್ಲ. ಅಂದರೆ ಕಾಲೇಜು ಮಕ್ಕಳ ಫೈಲು ಈಗಾಗಲೇ ನಿಮ್ಮಲ್ಲಿ ಒಂದೆರಡು ಸಾಲು ಜಾರುತ್ತಿರಬೇಕು, ನೀವು ಸರಿಮಾಡಿ ಕೊಡುತ್ತಿದ್ದೀರಿ, ಅಲ್ವಾ? ಏರಿಯಲ್, ಟೈಮ್ಸ್ ನ್ಯೂ ರೋಮನ್, ಕ್ಯಾಲಿಬ್ರಿ ವಿಂಡೋಸಿನ ಜೊತೆಗೇ ಬರುತ್ತವೆ, ಅವಕ್ಕೆ ತೊಂದರೆ ಇಲ್ಲ. ಬುಕ್‌ಮನ್ ಓಲ್ಡ್ ಸ್ಟೈಲ್, ಗ್ಯಾರಮಂಡ್ ಥರದ ಕೆಲವು ಬರುವುದು ಆಫೀಸಿನ ಜೊತೆ. ಅದನ್ನು ತೆಗೆದರೆ ಅವೂ ಹೋಗುತ್ತವೆ.

ಇನ್ನು ಸ್ಪೇಸ್‌ಬಾರು. ಇ-ಸ್ಟಾಂಪ್ ಕಾಗದ ನೆನಪಿಸಿಕೊಳ್ಳಿ. ಮೇಲೆ ಸ್ಟಾಂಪಿನ ವಿವರ ಇರುತ್ತದೆ, ಕೆಳಗಿನ ಖಾಲಿ ಜಾಗದಿಂದ ನಮ್ಮ ಮ್ಯಾಟರ್ ಶುರುವಾಗಬೇಕು. ನಾವೆಲ್ಲ ಏನು ಮಾಡುತ್ತೇವೆ? ಹದಿನೈದು ಸಲ ಎಂಟರ್ ಒತ್ತುತ್ತೇವೆ. ಸಾಕ್ಷಿಗಳ ಸಹಿ ಬಲಗಡೆ ಬರಬೇಕು ಅಂದರೆ ನಲವತ್ತು ಸ್ಪೇಸ್ ಒತ್ತುತ್ತೇವೆ. ಫಾಂಟಿನ ಸಾಲಿನ ಎತ್ತರ ಒಂದು ಕೂದಲು ಬದಲಾದರೂ ಹದಿನೈದು ಎಂಟರ್ ಸೇರಿ ಅರ್ಧ ಇಂಚು ವ್ಯತ್ಯಾಸ ಆಗುತ್ತದೆ, ಮೊದಲ ಸಾಲು ಹೋಗಿ ಸ್ಟಾಂಪಿನ ಮೇಲೆ ಕೂರುತ್ತದೆ. ಇದು ಒಂದೇ ಒಂದು ಹಾಳೆ ಹಾಳು ಮಾಡಿದರೂ ದುಡ್ಡು ನಿಮ್ಮ ಕೈಯದು. ರೈಟರಿನಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ‘ಫಸ್ಟ್ ಪೇಜ್’ ಅನ್ನುವ ಪುಟದ ಸ್ಟೈಲ್ ತೆಗೆದು, ಮೇಲಿನ ಮಾರ್ಜಿನ್ ಸ್ಕೇಲಿನಲ್ಲಿ ಅಳೆದು ಕೊಡಿ, 15 ಸೆಂಟಿಮೀಟರ್ ಬೇಕಾದರೆ 15. ಎರಡನೆಯ ಪುಟ ತಾನಾಗಿ ಮಾಮೂಲಿ ಮಾರ್ಜಿನ್ನಿಗೆ ಬರುತ್ತದೆ. ಸಹಿಗಳಿಗೆ ಗೆರೆಯಿಲ್ಲದ ಎರಡು ಕಾಲಮಿನ ಟೇಬಲ್ ಹಾಕಿ. ಇದೊಂದನ್ನು ರೂಢಿ ಮಾಡಿಕೊಂಡರೆ ನೀವು ವರ್ಡಿನಲ್ಲೇ ಉಳಿದರೂ ಲಾಭವೇ.

ನಿಜವಾಗಿ ಲಿಬ್ರೆಆಫೀಸಿನ ಕಡೆಯಿಂದಲೇ ಏರುಪೇರಾಗುವ ಜಾಗಗಳೂ ಇವೆ. ವರ್ಡಿನ ಸ್ಮಾರ್ಟ್‌ಆರ್ಟ್ ಚಿತ್ರಗಳು ಇಲ್ಲಿ ವರ್ಡಿನಲ್ಲಿ ಇದ್ದ ಹಾಗೆ ತಿದ್ದಲು ಬರುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟಿನ ಗಣಿತದ ಸೂತ್ರಗಳು, ಒಂದರ ಮೇಲೊಂದು ಕೂರಿಸಿದ ಟೆಕ್ಸ್ಟ್ ಬಾಕ್ಸುಗಳು, ಅಲಂಕಾರದ ಬಾರ್ಡರುಗಳು ಜರುಗಬಹುದು. ಇಂಥ ಫೈಲು ಬಂದರೆ ಅದಕ್ಕೆ ಬೇರೆ ದಾರಿ ಮುಂದೆ ಹೇಳುತ್ತೇನೆ. ಮತ್ತೊಂದು, ಒಂದೇ ಫೈಲನ್ನು ಇಲ್ಲಿ ಅರ್ಧ, ಅಲ್ಲಿ ಅರ್ಧ ತಿದ್ದುತ್ತಾ ಹತ್ತು ಸಲ ಓಡಾಡಿಸಬೇಡಿ. ಪ್ರತಿ ಓಡಾಟದಲ್ಲೂ ಏನಾದರೊಂದು ಚೂರು ಉದುರುತ್ತದೆ. ನಿಮ್ಮ ಸ್ವಂತ ಮಾದರಿಗಳನ್ನು ಲಿಬ್ರೆಆಫೀಸಿನ ಸ್ವಂತ ಓಡಿಟಿ ರೂಪದಲ್ಲಿ ಇಡಿ. ಅದು 2006ರಿಂದ ಐಎಸ್‌ಒ ಮಾನಕ, ಬೇರೆ ಸಾಫ್ಟ್‌ವೇರ್‌ಗಳೂ ಓದುತ್ತವೆ. ಗಿರಾಕಿಗೆ ಕೊಡುವಾಗ ಮಾತ್ರ ಡಾಕ್ಸ್ ಆಗಿ ಸೇವ್ ಮಾಡಿ. ಇನ್ನೂ ಒಳ್ಳೆಯದು, ಪ್ರಿಂಟ್ ಮಾತ್ರ ಬೇಕಾದವರಿಗೆ ಪಿಡಿಎಫ್ ಮಾಡಿಕೊಡಿ. ಒಂದು ಬಟನ್ ಒತ್ತಿದರೆ ಆಗುತ್ತದೆ, ಫಾಂಟ್ ಒಳಗೇ ಹೋಗುತ್ತದೆ, ನುಡಿ ಇಲ್ಲದ ಕಡೆಯೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಪಿಡಿಎಫ್ ತಿದ್ದಲು ಇದರಲ್ಲೇ ಡ್ರಾ ಅಂತ ಒಂದಿದೆ, ಇಂಗ್ಲಿಷ್ ಪಿಡಿಎಫ್‌ನಲ್ಲಿ ಒಂದು ತಾರೀಕು ಬದಲಿಸಲು ಸಾಕು. ಕನ್ನಡ ಪಿಡಿಎಫನ್ನು ಮಾತ್ರ ಅದರಲ್ಲಿ ತಿದ್ದಲು ಹೋಗಬೇಡಿ, ಒತ್ತುಗಳೆಲ್ಲ ಬಿಡಿಬಿಡಿ ಆಗುತ್ತವೆ.

ಯಜಮಾನರ ಲೆಕ್ಕ

ಡೇರಿ ಬಟವಾಡೆಗೆ ಕೂಡುವುದು, ಗುಣಿಸುವುದು, ವಿಲುಕಪ್, ಸಮ್‌ಇಫ್ ಇಷ್ಟೇ ತಾನೇ? ಲಿಬ್ರೆಆಫೀಸಿನಲ್ಲಿ ಎಕ್ಸೆಲ್ ಜಾಗದಲ್ಲಿರುವ ಕ್ಯಾಲ್ಕ್‌ನಲ್ಲಿ ಎಲ್ಲ ಹಾಗೇ ನಡೆಯುತ್ತದೆ. ಎಕ್ಸ್‌ಲುಕಪ್ ಕೂಡ 24.8 ಆವೃತ್ತಿಯಿಂದ ಇದೆ. ಲಕ್ಷಕ್ಕೆ ಅಲ್ಪವಿರಾಮ ನಮ್ಮ ಪದ್ಧತಿಯಲ್ಲಿ, 12,34,567 ಹಾಗೆ ಬರಬೇಕಾದರೆ ಲೊಕೇಲನ್ನು (ದೇಶ, ಭಾಷೆಯ ಸೆಟ್ಟಿಂಗು) ಇಂಗ್ಲಿಷ್ ಇಂಡಿಯಾ ಅಂತ ಆರಿಸಿ. ಅದರಿಂದಲೇ ಪುಟವೂ ಎ4 ಆಗುತ್ತದೆ, ಅಮೆರಿಕದ ಲೆಟರ್ ಸೈಜಿನ ಕಾಟ ತಪ್ಪುತ್ತದೆ. ಒಂದು ವಿಷಯದಲ್ಲಿ ಕ್ಯಾಲ್ಕ್ ನನಗೆ ಎಕ್ಸೆಲ್‌ಗಿಂತ ಇಷ್ಟ. ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಕಾಲಮು ಬಿಡಿಸಿದ ಬರೀ ಪಠ್ಯದ ಫೈಲು, ತೆರೆಯುವಾಗ ಅದು ಮೊದಲು ಕೇಳುತ್ತದೆ, ಯಾವ ಕಾಲಮು ಅಂಕಿ, ಯಾವುದು ಬರೀ ಪಠ್ಯ, ಅಕ್ಷರ ಯಾವ ಸಂಕೇತದಲ್ಲಿದೆ ಅಂತ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ನಂಬರಿನ ಸೊನ್ನೆ ಮಾಯವಾಗದ ಹಾಗೆ ಅಲ್ಲೇ ನೋಡಿಕೊಳ್ಳಬಹುದು. ರೈತರ ಹೆಸರು ಕನ್ನಡದಲ್ಲಿದ್ದರೂ ಯುಟಿಎಫ್-8 ಆರಿಸಿದರೆ ಸಾಕು.

ಆದರೆ ಮ್ಯಾಕ್ರೋ ಇದ್ದರೆ ಹುಷಾರು. ಎಕ್ಸೆಲ್ ಮ್ಯಾಕ್ರೋಗಳನ್ನು ಕ್ಯಾಲ್ಕ್ ಅರ್ಧಂಬರ್ಧ ಓಡಿಸುತ್ತದೆ. ಅರ್ಧ ಓಡುವುದು ಓಡದೇ ಇರುವುದಕ್ಕಿಂತ ಅಪಾಯ, ಯಾಕೆಂದರೆ ತಪ್ಪು ಗೊತ್ತೇ ಆಗುವುದಿಲ್ಲ. ಜಿಎಸ್‌ಟಿಯ ವಾರ್ಷಿಕ ರಿಟರ್ನ್ ಆದ ಜಿಎಸ್‌ಟಿಆರ್-9ರ ಆಫ್‌ಲೈನ್ ಫೈಲು, ಆದಾಯ ತೆರಿಗೆಯ ಎಕ್ಸೆಲ್ ಯುಟಿಲಿಟಿ ಇವನ್ನು ತುಂಬಿಕೊಡುವ ಕೆಲಸ ನಿಮ್ಮಲ್ಲಿ ಇದ್ದರೆ ಅಸಲಿ ಎಕ್ಸೆಲ್ ಬೇಕೇ ಬೇಕು. ಅಲ್ಲಿ ರಾಜಿ ಇಲ್ಲ.

ಹಾಗಾದರೆ ದಾರಿ ಯಾವುದು

ಈಗಿರುವ ನಕಲಿ ಆಫೀಸಿನಲ್ಲೇ ಮುಂದುವರಿಯುವುದು ಒಂದು ದಾರಿ. ತುಂಬ ಜನ ಅದನ್ನೇ ಮಾಡುತ್ತಾರೆ, ನಾನು ಬುದ್ಧಿ ಹೇಳಲು ಹೊರಟಿಲ್ಲ. ಕಾನೂನು ಏನಿದೆ ಅಂತ ಮಾತ್ರ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ ಏಳು ದಿನದಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೆ ಬಳಸದವರಿಗೆ ಜೈಲು ತಪ್ಪಿಸುವ ಅವಕಾಶ ಕೋರ್ಟಿಗಿದೆ. ಅಂಗಡಿಗೆ ಆ ರಿಯಾಯಿತಿ ಕಷ್ಟ. ನನಗೆ ಅದಕ್ಕಿಂತ ಜಾಸ್ತಿ ಭಯ ಆಕ್ಟಿವೇಟರ್‌ದು, ಅಂದರೆ ನಕಲಿ ಆಫೀಸನ್ನು ಅಸಲಿಯ ಹಾಗೆ ಓಡಿಸುವ ಪ್ರೋಗ್ರಾಮಿನದು. ಅದನ್ನು ಓಡಿಸುವಾಗ ಆಂಟಿವೈರಸ್ ಆಫ್ ಮಾಡಿ ಅಂತ ಹೇಳಿರುತ್ತಾರೆ. ಅದೇ ಕಂಪ್ಯೂಟರಿನಲ್ಲಿ ದಿನಕ್ಕೆ ಎಷ್ಟು ಜನರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಆಗುತ್ತದೆ? ಜೊತೆಗೆ ಆಫೀಸ್ 2016ಕ್ಕೆ 2025ರ ಅಕ್ಟೋಬರ್ 14ಕ್ಕೇ ಭದ್ರತೆಯ ಅಪ್‌ಡೇಟು ನಿಂತಿದೆ, ಅಸಲಿಯಾದರೂ ಅಷ್ಟೇ. ವಿಂಡೋಸ್ 10ಕ್ಕೂ ಅದೇ ತಾರೀಕು. ನಿಮ್ಮ ವಿಂಡೋಸ್ ಯಾವ ಬಗೆಯದು ಅಂತ ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ಗೂಗಲ್ ಡಾಕ್ಸ್ ಅಥವಾ ಬ್ರೌಸರಿನ ಪುಕ್ಕಟೆ ವರ್ಡ್ ಇನ್ನೊಂದು ದಾರಿ. ನೆಟ್ ಹೋದರೆ ಕೆಲಸ ನಿಂತಿತು. ಗೂಗಲ್ ಡಾಕ್ಸಿಗೆ ನುಡಿಯ ಹಳೆಯ ಫಾಂಟ್ ಹಾಕಲು ಬರುವುದೇ ಇಲ್ಲ, ಹಾಗಾಗಿ ನಿಮಗದು ಆಗದು. ಡಬ್ಲ್ಯುಪಿಎಸ್ ಅನ್ನುವ ಇನ್ನೊಂದು ಆಫೀಸ್ ಪುಕ್ಕಟೆಯಾದರೂ ಮುಕ್ತ ಸಾಫ್ಟ್‌ವೇರ್ ಅಲ್ಲ, ನಾಳೆಯ ನಿಯಮ ಅವರ ಕೈಲಿ. ಓನ್ಲಿಆಫೀಸ್ ನೋಡಲು ವರ್ಡಿನ ಥರವೇ ಇದೆ, ಮುಕ್ತವೂ ಹೌದು. ಕುತೂಹಲ ಇದ್ದರೆ ಅದರಲ್ಲೂ ಅದೇ ಕರಾರಿನ ಪುಟ ತೆರೆದು ನೋಡಿ.

ನಿಮಗೆ ನಾನು ಹೇಳುವುದು ಮಿಶ್ರ ದಾರಿ. ಮೂರಕ್ಕೂ ದುಡ್ಡಿಲ್ಲ ಅಂದಿರಿ. ಒಂದಕ್ಕೆ ಆಗಬಹುದಲ್ಲ? ಒಂದು ಕಂಪ್ಯೂಟರಿಗೆ ಅಸಲಿ ಆಫೀಸ್ ಕೊಳ್ಳಿ. ಕೊಳ್ಳುವಾಗ ವ್ಯಾಪಾರಕ್ಕೆ ಬಳಸಲು ಅನುಮತಿ ಇರುವ ಆವೃತ್ತಿಯೇ ಅಂತ ಕೇಳಿಕೊಳ್ಳಿ, ಮನೆಬಳಕೆಯದನ್ನು ಅಂಗಡಿಗೆ ಮಾರಿಬಿಡುತ್ತಾರೆ. ಮ್ಯಾಕ್ರೋ ಫೈಲು, ಸ್ಮಾರ್ಟ್‌ಆರ್ಟ್ ತುಂಬಿದ ರಿಪೋರ್ಟು, ಹಟಮಾರಿ ಗಿರಾಕಿ, ಎಲ್ಲ ಅದಕ್ಕೆ. ಉಳಿದ ಎರಡಕ್ಕೆ ಲಿಬ್ರೆಆಫೀಸ್. ಅರ್ಜಿ, ಕರಾರು, ಲಗ್ನಪತ್ರಿಕೆಯ ಮ್ಯಾಟರ್, ಬಟವಾಡೆ ಇವಕ್ಕೆ ಅದು ಧಾರಾಳ ಸಾಕು.

ಶುರು ಮಾಡುವುದು ಹೀಗೆ. ಮೊದಲು ಮೂರೂ ಕಂಪ್ಯೂಟರಿನ ಫೈಲುಗಳನ್ನು ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ ಬೀರುವಿನಲ್ಲಿಡಿ. ನುಡಿ ಫಾಂಟುಗಳನ್ನೂ ಅದರಲ್ಲೇ ಇಡಿ, ಫೈಲು ಉಳಿದು ಫಾಂಟು ಕಳೆದರೆ ಪ್ರಯೋಜನ ಇಲ್ಲ. ಆಮೇಲೆ ಒಂದೇ ಒಂದು ಕಂಪ್ಯೂಟರಿಗೆ ಲಿಬ್ರೆಆಫೀಸ್ ಹಾಕಿ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಹಳೆಯ ಆಫೀಸ್ ಸದ್ಯಕ್ಕೆ ಇರಲಿ, ಎರಡೂ ಜಗಳವಾಡುವುದಿಲ್ಲ. ಆಮೇಲೆ ನಿಮ್ಮ ಅತಿ ಕಷ್ಟದ ಹತ್ತು ಫೈಲು ಆರಿಸಿ, ಎರಡರಲ್ಲೂ ಪ್ರಿಂಟ್ ತೆಗೆದು, ಹಾಳೆಯ ಮೇಲೆ ಹಾಳೆ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಎಲ್ಲಿ ಜರುಗಿದೆ ಅಂತ ತಾನಾಗಿ ಕಾಣುತ್ತದೆ. ಕರೆಂಟು ಹೋಗುವ ಊರಾದ್ದರಿಂದ ಫೈಲನ್ನು ತಾನಾಗಿ ಉಳಿಸಿಕೊಳ್ಳುವ ಆಟೋರಿಕವರಿಯ ಸಮಯವನ್ನು ಹತ್ತು ನಿಮಿಷದಿಂದ ಮೂರಕ್ಕೆ ಇಳಿಸಿ. ಮೆನು ಹಳೆಯ ಕಾಲದ್ದರ ಥರ ಕಂಡು ಬೇಜಾರಾದರೆ ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ‘ಟ್ಯಾಬ್ಡ್’ ಆರಿಸಿ, ವರ್ಡಿನ ರಿಬ್ಬನ್ನಿಗೆ ಹತ್ತಿರ ಬರುತ್ತದೆ. ಒಂದು ತಿಂಗಳು ಹೀಗೆ ನಡೆಸಿ. ಟೈಪಿಂಗ್ ಬಲ್ಲವರಿಗೆ ಕೈ ಪಳಗಲು ಎರಡು ವಾರ ಬೇಕು, ಆ ಎರಡು ವಾರ ಸ್ವಲ್ಪ ಸಿಡಿಮಿಡಿ ಇರುತ್ತದೆ. ಚುನಾವಣೆ, ಪರೀಕ್ಷೆ, ಮದುವೆ ಸೀಸನ್ ಬಿಟ್ಟು ಶುರು ಮಾಡಿ.

ತಿಂಗಳಾದ ಮೇಲೆ ಒಪ್ಪಿಗೆಯಾದರೆ ಎರಡನೆಯದಕ್ಕೂ ಹಾಕಿ, ಆಗ ಆ ನಕಲಿ ಆಫೀಸನ್ನೂ ಆಕ್ಟಿವೇಟರನ್ನೂ ತೆಗೆಸಿ. ಆಗುವುದಾದರೆ ವಿಂಡೋಸನ್ನೇ ಹೊಸದಾಗಿ ಹಾಕಿಸುವುದು ಮೇಲು. ಆ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಬ್ಯಾಂಕು, ಇಮೇಲಿನ ಪಾಸ್‌ವರ್ಡುಗಳನ್ನು ಬದಲಿಸಿ.

ಬೋರ್ಡ್ ವಿಷಯ ಮರೆತಿದ್ದೆ. ಒಂದು ಕಂಪ್ಯೂಟರಿನಲ್ಲಿ ಅಸಲಿ ವರ್ಡು, ಎಕ್ಸೆಲ್ ಇದ್ದರೆ ‘ಎಂಎಸ್ ವರ್ಡ್, ಎಕ್ಸೆಲ್’ ಅಂತ ಬರೆಸಿದ್ದು ಸುಳ್ಳಾಗುವುದಿಲ್ಲ, ಹಾಗೇ ಇರಲಿ. ಕೆಳಗೆ ಜಾಗ ಇದ್ದರೆ ‘ಹಳೆಯ ನುಡಿ ಫೈಲನ್ನು ಯೂನಿಕೋಡಿಗೆ ಬದಲಿಸಿ ಕೊಡಲಾಗುವುದು’ ಅಂತ ಒಂದು ಸಾಲು ಸೇರಿಸಿ. ತಾಲ್ಲೂಕು ಕಚೇರಿ ಎದುರಿನ ಅಂಗಡಿಗೆ ಆ ಕೆಲಸ ಹುಡುಕಿಕೊಂಡು ಬರುತ್ತದೆ.